ತೂಕದ ಕೋಣೆಯ ಕೀಲಿ

ಅಕ್ಕಾ, ಕ್ಷೇಮ ಸಮಾಚಾರ ಆಮೇಲೆ, ಮೊದಲು ಸಿಟ್ಟು.

ಇಲ್ಲಿ ನೆಲಮಾಳಿಗೆಯಲ್ಲಿ ಭೂಮಿಯನ್ನು ತೂಗುತ್ತಿದ್ದೇವೆ. ಕೂದಲೆಳೆಯಂಥ ತಂತಿಗೆ ಕಡ್ಡಿ ಕಟ್ಟಿ, ಅದರ ತುದಿಯ ಗುಂಡುಗಳನ್ನು ದೊಡ್ಡ ಸೀಸದ ಗುಂಡು ಎಷ್ಟು ಸೆಳೆಯುತ್ತದೆಂದು ನೋಡಬೇಕು. ಆ ಸೆಳೆತವನ್ನು ಭೂಮಿಯ ಸೆಳೆತಕ್ಕೆ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಹತ್ತಿರ ಹೋದರೆ ನಮ್ಮ ಮೈಯೂ ಆ ಗುಂಡುಗಳನ್ನು ಸೆಳೆಯುತ್ತದೆ; ಅದಕ್ಕೇ ಹನ್ನೊಂದು ದಿನ ಕಿಟಕಿಯಾಚೆ ನಿಂತು ದುರ್ಬೀನಿನಲ್ಲಿ ನೋಡಿ ಬರೆದೆ.

ನಿನ್ನೆ ನಮ್ಮ ಪ್ರೊಫೆಸರು “ಒಂದ್ನಿಮಿಷ ನೋಡ್ಬಿಡ್ತೀನಮ್ಮ” ಅಂತ ಹೊಟ್ಟೆ ಹೊತ್ತು ಒಳಗೆ ನುಗ್ಗಿದರು. ಕಡ್ಡಿ ತಿರುಗಿತು. ನನ್ನ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ವರದಿಯಲ್ಲಿ ಅವರು ಬರೆದದ್ದು “ಸಹಾಯಕಿಯ ಅಜಾಗರೂಕತೆ”! ಭೂಮಿ ತೂಗುವವರಿಗೆ ತಮ್ಮ ಹೊಟ್ಟೆ ಮಾತ್ರ ಲೆಕ್ಕಕ್ಕಿಲ್ಲ.

ನಿಂತು ನಿಂತು ಮಂಡಿ ಊದಿದೆ, ನೋವಿನೆಣ್ಣೆ ಕಳಿಸು. ಇವತ್ತು ಮೊದಲಿನಿಂದ ಶುರುಮಾಡಿ ಬಾಗಿಲಿಗೆ ಬೀಗ ಜಡಿದಿದ್ದೇನೆ. ಅಗೋ, ಕೀಲಿ ಕೇಳಲು ಬರುತ್ತಿದ್ದಾರೆ. ಕೊಡುವುದಿಲ್ಲ.

ನಿನ್ನ ತಂಗಿ