ಮುದುಕರಿಗೆ ತಕ್ಕ ಮನೆ

ಜನವರಿ ೭, ಮಂಗಳವಾರ

ಮಂಜುಗಡ್ಡೆ ಕರಗಲೆಂದು ಹೊಸ್ತಿಲಿಗೆ ಉಪ್ಪು ಎರಚಿ ಬಂದೆ. ಟೋಸ್ಟ್ ಸೀದಿತ್ತು — ಇರಲಿ, ತಿಂದೆ. ಎರಡನೇ ಕಪ್ ಚಹಾ ಸುರಿಯುವಾಗ ಕೌನ್ಸಿಲಿನ ಉತ್ತರ ಬಂತು. ನಾನು ಬಾಡಿಗೆಗಿರುವ ಅವರ ಈ ಮನೆಯನ್ನು ನನಗೆ ಮಾರುವುದಿಲ್ಲವಂತೆ.

ಕಾರಣ? ಇದು 'ಮುದುಕರಿಗೆ ತಕ್ಕ ಮನೆ'ಯಂತೆ. ಒಂದೇ ಅಂತಸ್ತು, ಎರಡೇ ಮಲಗುವ ಕೋಣೆ, ಅಂಗಡಿಯೂ ಬಸ್ಸೂ ಹತ್ತಿರ. ಉಳಿದ ಕೌನ್ಸಿಲ್ ಮನೆಗಳ ಹಾಗೆ ಅಂಥ ಮನೆಗಳನ್ನು ಬಾಡಿಗೆದಾರರು ಕೇಳಿದರೆ ಮಾರಲೇಬೇಕೆಂದಿಲ್ಲವಂತೆ.

ಹತ್ತಿರವಂತೆ! ಅಂಗಡಿ ಗುಡ್ಡದ ಬುಡದಲ್ಲಿ, ನಾವು ನೆತ್ತಿಯಲ್ಲಿ. ನಡುವೆ ಆ ಹಾಳು ಸ್ನಿಕೆಟ್. ಎರಡು ಗೋಡೆಗಳ ಸಂದಿ, ಉದ್ದಕ್ಕೂ ಕಲ್ಲುಮೆಟ್ಟಿಲು, ಮೆಟ್ಟಿಲ ಮೇಲೆಲ್ಲ ಪಾಚಿ. ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ ಎಂದು ನನ್ನ ಗಂಡ ವಿಲ್ಫ್ ಎಷ್ಟು ವರ್ಷ ಕೇಳಿಕೊಂಡ. ದುಡ್ಡಿಲ್ಲ ಎಂದರು. ಕೊನೆಗೆ ಅಲ್ಲೇ ಜಾರಿ ಬಿದ್ದ, ಹಾಲು ತರಲು ಹೋದವನು. ಸೊಂಟ ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ.

ಜನವರಿ ೯

ಹೌಸಿಂಗ್ ಆಫೀಸಿಗೆ ಫೋನ್. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಸಿಕ್ಕವನು ಹಾರ್ಸ್‌ಫಾಲ್, ಇಲ್ಲವೆಂದು ಸಹಿ ಹಾಕಿದ ಮಹಾಶಯ.

"ಮಿಸೆಸ್ ಸಗ್ಡನ್, ನಕ್ಷೇಲಿ ಅಳೆದಿದ್ದೀವಿ. ಅಂಗಡಿಗೆ ಐದೇ ನಿಮಿಷದ ದಾರಿ."

"ನಿಮ್ ನಕ್ಷೇಲಿ ಗುಡ್ಡ ಕಾಣುತ್ತೇನಪ್ಪಾ?"

"ಕಾಲುದಾರಿ ಅಂತ ಬರ್ದಿದೆ."

"ಅದನ್ನ ಒಂದ್ ಸಲನಾದ್ರೂ ಹತ್ತಿದ್ದೀರಾ?"

"ಮನೆ ನೋಡೋಕೆ ಬಂದಾಗ... ನಾನು ಕಾರಲ್ಲಿದ್ದೆ."

ಫೋನ್ ಕುಕ್ಕಿದೆ. ಮೈಯೆಲ್ಲ ಉರಿಯುತ್ತಿದೆ. ಇವನಿಗೆ ನಾನು ಮುದುಕಿಯಂತೆ. ಅರವತ್ತಮೂರಕ್ಕೆ!

ಜನವರಿ ೧೦

ಮಗಳು ಜನೀನ್ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದಳು. "ಬಿಟ್ಬಿಡಮ್ಮಾ. ಬಾಡಿಗೆ ಕಟ್ಕೊಂಡು ಇದ್ರಾಯ್ತು. ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ?"

ಯಾಕೆಂದು ಅವಳಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. ವಿಲ್ಫ್ ಹೋದ ಮೇಲೆ ಬಾಡಿಗೆ ನನ್ನ ಹೆಸರಿಗೆ ಬಂತು. ಹಾಗೆ ಕೈ ಬದಲಾಗುವುದು ಒಂದೇ ಸಲ. ನಾನು ಹೋದರೆ ಮಗಳು ಬೀದಿಗೆ. ಗಂಡನ ಮನೆಯಿಂದ ಎರಡು ಚೀಲ ಹಿಡಿದು ಬಂದವಳು, ಮತ್ತೆ ಅದೇ ಎರಡು ಚೀಲ ಹಿಡಿದು ಎಲ್ಲಿಗೆ ಹೋಗಬೇಕು? ವಿಲ್ಫ್‌ಗೆ ಗಿರಣಿ ಕೆಲಸದಿಂದ ಬಂದ ಹಣ ಬ್ಯಾಂಕಿನಲ್ಲಿದೆ, ಕೊಂಡುಕೊಳ್ಳಲು ಸಾಲುತ್ತದೆ. ಸಾಲದಿರುವುದು ನನ್ನ ಉಸಿರು. ಎದೆಯ ಎಕ್ಸ್‌ರೇ ನೋಡಿ ಡಾಕ್ಟರ್ "ಸಿಗರೇಟ್ ಯಾವಾಗ ಬಿಟ್ರಿ?" ಎಂದು ಎರಡೆರಡು ಸಲ ಕೇಳಿದ.

ನ್ಯಾಯಮಂಡಳಿಗೆ ಮೇಲ್ಮನವಿ ಹಾಕುತ್ತೇನೆ. ಹಾಕಿಯೇ ಹಾಕುತ್ತೇನೆ.

ಫೆಬ್ರವರಿ ೨

ಎದುರುಮನೆಯ ಮೇವಿಸ್ ಬಂದಿದ್ದಳು. ಸ್ನಾನದ ತೊಟ್ಟಿಯ ಪಕ್ಕದ ಹಿಡಿಕೆ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು.

"ಇದನ್ನ ಕಿತ್ತಾಕೇ ಗ್ಲೆನಿಸ್. ಇದ್ನ ನೋಡಿದ್ರೆ ಮುದುಕರ ಮನೆ ಅಂತ್ಲೇ ಬರ್ಕೊಳ್ತಾರೆ."

"ವಿಲ್ಫ್ ಹಾಕಿದ್ದು ಕಣೇ ಅದು. ಮುಟ್ಟಿದ್ರೆ ನಿನ್ ಕೈ ಮುರೀತೀನಿ."

ನಕ್ಕಳು. ನಾನು ನಗಲಿಲ್ಲ.

ಮಾರ್ಚ್ ೧೮, ಸಂಜೆ

ನಾಳೆ ನ್ಯಾಯಮಂಡಳಿಯವರು ಜಾಗ ನೋಡಲು ಬರುತ್ತಾರೆ. ಮಧ್ಯಾಹ್ನ ಪರದೆ ಒಗೆದು ಹಾಕುತ್ತಿದ್ದೆ. ಸ್ನಿಕೆಟ್ಟಿನ ಕಡೆಯಿಂದ ಕೊರೆಯುವ ಸದ್ದು. ಓಡಿದೆ — ಓಡಿದೆ ಎಂದರೆ ಏನು, ಏದುಸಿರು ಬಿಡುತ್ತ ಹೋದೆ.

ಕೌನ್ಸಿಲಿನ ವ್ಯಾನು. ನಾಲ್ಕು ಆಳು. ಮೇಲಿನಿಂದ ಬುಡದವರೆಗೆ ಗೋಡೆಗೆ ಕಂಬಿ ಕೂರಿಸುತ್ತಿದ್ದಾರೆ!

"ಯಾರ್ರೀ ಹೇಳಿದ್ದು ನಿಮಗೆ?"

"ಅರ್ಜೆಂಟ್ ಅಂತ ಆಫೀಸಿಂದ ಬಂತಮ್ಮಾ. ಇವತ್ತೇ ಮುಗೀಬೇಕಂತೆ."

ಇವತ್ತೇ. ಅಷ್ಟು ವರ್ಷ ಆಗದ್ದು ಇವತ್ತೇ. ಮನುಷ್ಯ ಸತ್ತಾಗ ದುಡ್ಡಿರಲಿಲ್ಲ, ನನ್ನನ್ನು ಸೋಲಿಸಲು ದುಡ್ಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಆ ಆಳುಗಳು ಪಾಪ ತಲೆ ತಗ್ಗಿಸಿ ಕೆಲಸ ಮಾಡಿದರು. ಮೇವಿಸ್ ಎಂಬ ಮಹಾತಾಯಿ ಅವರಿಗೆ ಚಹಾ, ಬಿಸ್ಕತ್ತು ಕೊಟ್ಟಳು! ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ ೧೯

ನ್ಯಾಯಮಂಡಳಿಯ ಹೆಂಗಸು ತೆಳ್ಳಗೆ, ಬೂದು ಕೋಟು, ಬಿಳಿ ಕೈಗವಸು. ಮುಖದಲ್ಲಿ ಏನೂ ಕಾಣುವುದಿಲ್ಲ. ಜೊತೆಗೆ ಹಾರ್ಸ್‌ಫಾಲ್, ಗಡ್ಡ ನುಣ್ಣಗೆ ಬೋಳಿಸಿಕೊಂಡು.

ಸ್ನಿಕೆಟ್ ಇಳಿಯೋಣ ಎಂದಳು. ಅವನು ಮುಂದಾಗಿ, "ನೋಡಿ ಮೇಡಂ, ಗಟ್ಟಿ ಕಂಬಿ ಇದೆ. ವಯಸ್ಸಾದವ್ರು ಆರಾಮಾಗಿ ಓಡಾಡ್ಬಹುದು" ಎಂದ. ಅವಳು ಕಂಬಿ ಹಿಡಿದು ಇಳಿದಳು. ನಡುವೆ ಪಾಚಿ ದಟ್ಟವಾಗಿರುವ ಮೆಟ್ಟಿಲ ಹತ್ತಿರ ನಿಂತಳು. ಅಂಗೈ ನೋಡಿಕೊಂಡಳು.

ಕೈಗವಸೆಲ್ಲ ಹಸಿರು. ಕೌನ್ಸಿಲಿನ ಹಸಿರು — ಪಾರ್ಕಿನ ಬೆಂಚಿಗೂ ಕಸದ ಡಬ್ಬಕ್ಕೂ ಹಚ್ಚುವ ಅದೇ ಬಣ್ಣ. ಇನ್ನೂ ಒಣಗಿರಲಿಲ್ಲ.

"ಇದನ್ನ ಯಾವಾಗ ಹಾಕಿದ್ರಿ?"

"ಇತ್ತೀಚೆಗೆ, ಮೇಡಂ... ಮಾಮೂಲಿ ರಿಪೇರಿ ಕೆಲಸ..."

ಮೇಲಿನಿಂದ ಮೇವಿಸ್‌ಳ ಗಂಟಲು: "ನಿನ್ನೆ ಮಧ್ಯಾಹ್ನ ಕಣಮ್ಮಾ! ಅವ್ರಿಗೆ ಟೀ ಕೊಟ್ಟೋಳೇ ನಾನು!"

ದೇವರೇ, ಆ ಮುದಿ ಹೆಂಗಸಿಗೆ ಮುತ್ತು ಕೊಡಬೇಕೆನ್ನಿಸಿತು. ಹತ್ತಿ ಬರುವಾಗ ಹಾರ್ಸ್‌ಫಾಲ್ ಎರಡು ಸಲ ನಿಂತ. ನಾನೂ ನಿಂತೆ. ಅವನು ನನ್ನ ಮುಖ ನೋಡಲಿಲ್ಲ.

ಏಪ್ರಿಲ್ ೨೪

ಗೆದ್ದೆ.

ನಾನು ಅರ್ಜಿ ಹಾಕಿದ ದಿನ ದಾರಿ ಹೇಗಿತ್ತೋ ಅದೇ ಲೆಕ್ಕವಂತೆ. ಆ ದಿನ ಕಂಬಿ ಇರಲಿಲ್ಲ. ಅಷ್ಟು ಕಡಿದಾದ ಮೆಟ್ಟಿಲಿರುವ ಜಾಗ ಮುದುಕರಿಗೆ ತಕ್ಕದ್ದಲ್ಲವಂತೆ. ಕೌನ್ಸಿಲ್ ಮನೆಯನ್ನು ಮಾರಲೇಬೇಕು. ಜನೀನ್ ಏಪ್ರನ್ನಿನಲ್ಲೇ ಬಂದು ತಬ್ಬಿಕೊಂಡಳು. ಅವಳಿಗೆ ಈಗ ಎಲ್ಲ ಹೇಳಿದೆ, ಎಕ್ಸ್‌ರೇ ಸಮೇತ. ಅತ್ತಳು. "ಮೊದ್ಲೇ ಯಾಕ್ ಹೇಳ್ಲಿಲ್ಲಮ್ಮಾ?" ಎಂದು ಬೈದಳು.

ಹಾರ್ಸ್‌ಫಾಲ್‌ನಿಂದ ಒಂದು ಕ್ಷಮೆಯ ಮಾತಿಲ್ಲ.

ಜುಲೈ ೧೫

ವಕೀಲರ ಆಫೀಸಿನಲ್ಲಿ ಇವತ್ತು ಎಲ್ಲ ಮುಗಿಯಿತು. ಮನೆ ನಮ್ಮದು. ಜನೀನ್ ಟ್ಯಾಕ್ಸಿ ಎಂದಳು. ಬೇಡ, ಸ್ನಿಕೆಟ್ಟಿನಲ್ಲೇ ಹತ್ತುತ್ತೇನೆ ಎಂದೆ. ಅವಳನ್ನು ಮುಂದೆ ಕಳಿಸಿದೆ.

ಇಷ್ಟು ದಿನ ಆ ಕಂಬಿಯನ್ನು ಮುಟ್ಟಿರಲಿಲ್ಲ. ಹಠಕ್ಕೆ. ಗೋಡೆ ತಡವಿಕೊಂಡೇ ಓಡಾಡಿದ್ದೆ. ಇವತ್ತು ಉಸಿರು ಸಿಗಲಿಲ್ಲ, ಹಿಡಿದೆ. ಹಾಳಾದ್ದು ಗಟ್ಟಿಯಾಗಿದೆ. ಚೆನ್ನಾಗಿ ಹಾಕಿದ್ದಾರೆ.

ಪಾಚಿಯ ಮೆಟ್ಟಿಲ ಮೇಲೆ ನಿಂತೆ. ವಿಲ್ಫ್ ಬಿದ್ದ ಮೆಟ್ಟಿಲು. ಎಡಗೈಯಲ್ಲಿ ಹಾಲು ಹಿಡಿದು ಹತ್ತುತ್ತಿದ್ದನಂತೆ. ಬಲಗೈ ಖಾಲಿ. ಕಂಬಿ ಇರುವುದೂ ಬಲಕ್ಕೇ. ಒಂದು ಮಧ್ಯಾಹ್ನದ ಕೆಲಸ. ನಾಲ್ಕು ಆಳು, ಒಂದು ವ್ಯಾನು, ಒಂದು ಡಬ್ಬ ಬಣ್ಣ. ಅವನು ಬರಿದೇ ಕೈ ಚಾಚಿದ್ದರೆ ಸಾಕಿತ್ತು, ಇಲ್ಲೇ, ನನ್ನ ಕೈ ಈಗ ಇರುವ ಜಾಗದಲ್ಲೇ —