ನಿನ್ನ ನೀರುಚಿಗಟಗಳಿಗೆ ನಾನು ಹಾಕಿದ ಅಂಬಲಿ

ಪ್ರೀತಿಯ ಅಕ್ಕಾ,

ತಂಬೂರ ಕೆರೆಯಿಂದ ನೀರುಚಿಗಟ ತಂದ ದಿನ ನೆನಪಿದೆಯಾ? ಬಸ್ಸಿನಲ್ಲಿ ನಿನ್ನ ತೊಡೆಯ ಮೇಲೆ ಉಪ್ಪಿನಕಾಯಿ ಬಾಟಲಿ. ಅದರೊಳಗೆ ಸಾಸಿವೆಗಿಂತ ಸಣ್ಣ ಜೀವಗಳು ಜಿಗಿಯುತ್ತಿದ್ದವು. ಇದೇನ್ರಿ ಟೀಚರ್ ಎಂದ ಕಂಡಕ್ಟರಿಗೆ, ನಮ್ಮ ಶಾಲೆಯ ಮೀನುಮರಿಗಳ ಬುತ್ತಿ ಎಂದಿದ್ದೆ ನೀನು. ಅವನು ನಾವು ಇಳಿಯುವವರೆಗೂ ಬಾಟಲಿಯನ್ನೇ ನೋಡಿದ.

ಗುಡಗೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ ನೀನು ಭರಣಿಗಳನ್ನು ಸಾಲಾಗಿಟ್ಟು ಅವುಗಳ ವಂಶ ಬೆಳೆಸಿದೆ. ಒಂದೊಂದು ಭರಣಿಗೂ ಬೇರೆ ಸೌಟು, ಬೇರೆ ಸೋಸುಬಟ್ಟೆ. ಒಂದರ ಸೋಂಕು ಇನ್ನೊಂದಕ್ಕೆ ದಾಟಬಾರದೆಂಬ ಹಟ. "ನೀರಿಗೂ ಮಡಿ ಏನಬೇ ಯಕ್ಕಾ" ಎಂದು ನಾನು ಎಷ್ಟು ಕಾಡಿಸುತ್ತಿದ್ದೆ! ಆಸ್ಪತ್ರೆಯಲ್ಲೂ ನಿನಗೆ ಅವುಗಳದೇ ಚಿಂತೆ. "ನನ್ನ ಚಿಗಟ ಸಾಯಗೊಡಬ್ಯಾಡ. ದಿನಾ ಒಂದ ಚಮಚ ಜ್ವಾಳದ ಹಿಟ್ಟಿನ ನೀರು, ಅಷ್ಟ ಸಾಕು" ಎಂದೆ.

ನೀನು ಹೋದ ಮೇಲೂ ಅಂಬಲಿ ಕಾಸುವಾಗ ಕೈ ಇಬ್ಬರ ಅಳತೆಯಲ್ಲೇ ಹಿಟ್ಟು ತೆಗೆಯುತ್ತಿತ್ತು. ಒಂದು ದಿನ ಉಳಿದದ್ದು ಹುಳಿ ಬಂದಿತ್ತು. ಉಣ್ಣುವುದನ್ನು ಚೆಲ್ಲಬಾರದು ಎಂದು ಅವ್ವ ಕಲಿಸಿದ್ದಳಲ್ಲ. ಇದೂ ಜೋಳವೇ ತಾನೆ ಎಂದುಕೊಂಡು ಎಲ್ಲ ಭರಣಿಗಳಿಗೂ ಒಂದೇ ಸೌಟಿನಿಂದ ಸುರಿದೆ. ನಿನಗೂ ಹುಳಿ ಅಂಬಲಿ ಅಂದರೆ ಪ್ರಾಣ, ಅದಕ್ಕೂ ಇರಬಹುದು...

ಮೂರನೇ ದಿನ ನೀರು ಬೆಳ್ಳಗಾಗಿ ನಾರುತ್ತಿತ್ತು. ಚಿಗಟಗಳು ಉಸಿರಿಗಾಗಿ ಮೇಲೆ ಬಂದು ಮುತ್ತಿದ್ದವು. ನಿನ್ನ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆನ್ನ ತುಂಬ ಗಂಟೆಯಾಕಾರದ ಜೀವಿಗಳು ಕಾಲೂರಿ ಕೂತಿವೆ. ಆ ಭಾರಕ್ಕೆ ಈಜಲಾಗದೆ ಒಂದೊಂದಾಗಿ ತಳ ಸೇರಿದವು. ನಿನ್ನ ನೋಟುಪುಸ್ತಕ ಓದಿದಾಗ ತಿಳಿಯಿತು: ಹುಳಿಯಿಂದ ಹೆಚ್ಚಿದ ಸೂಕ್ಷ್ಮಾಣುಗಳು ನೀರಿನ ಉಸಿರನ್ನೆಲ್ಲ ಎಳೆದುಕೊಂಡವು, ಅವನ್ನು ತಿನ್ನುತ್ತ ಈ ಗಂಟೆಜೀವಿಗಳು ಬೆಳೆದವು. ಕೊಂದವಳು ನಾನೇ ಅಕ್ಕಾ. ಈ ಮನೆಯಲ್ಲಿ ನಿನ್ನದೆನ್ನುವ ಜೀವ ಅವಷ್ಟೇ ಉಳಿದಿದ್ದವು. ಅವೂ ಹೋದರೆ ನಾನು ಬೆಳಿಗ್ಗೆ ಯಾರಿಗಾಗಿ ಏಳಬೇಕು?

ಹುಡುಕಿದಾಗ ಮೂರು ಸಿಕ್ಕವು. ನೀರು ಕಾಸಿ, ಆರಿಸಿ, ಒಂದು ದಿನ ಗಾಳಿಗೆ ತೆರೆದಿಟ್ಟೆ. ಡ್ರಾಪರಿನಿಂದ ಎತ್ತಿ ಬಟ್ಟಲಿನಿಂದ ಬಟ್ಟಲಿಗೆ ದಾಟಿಸುತ್ತ ತೊಳೆದೆ. ಎರಡು ಸತ್ತವು. ಉಳಿದದ್ದು ತನ್ನ ಹಳೆಯ ಚಿಪ್ಪು ಕಳಚಿತು. ಅಂಟಿಕೊಂಡ ಗಂಟೆಜೀವಿಗಳೂ ಅದರ ಜೊತೆಗೇ ಹೋದವು.

ಇವತ್ತು ಬೆಳಿಗ್ಗೆ ಅದು ಮರಿ ಹಾಕಿದೆ. ಇವಕ್ಕೆ ಗಂಡಿನ ಹಂಗಿಲ್ಲ, ನಮ್ಮ ಹಾಗೆ ಎಂದು ನಗುತ್ತಿದ್ದೆಯಲ್ಲ. ಎರಡು ಸಲ ಎಣಿಸಿದೆ. "ಯಕ್ಕಾ, ಏಳ ಮರಿ ಅದಾವ" ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿಬಿಟ್ಟೆ.

ನಂತರ ಒಳಗೆ ಬಂದು ಈ ಪತ್ರ ಬರೆಯಲು ಕೂತೆ.

ನಿನ್ನ ತಂಗಿ,
ಗಿರಿಜಾ