ಒಂದೇ ಸಲ ಹೇಳಿದ್ದು

'ಕೇಳಿಸ್ತಾ' ಅಂತಲೋ 'ತಿಳೀತಾ' ಅಂತಲೋ ಏನೋ ಅಂದು, ಫೋನಿನಲ್ಲಿ ಹೇಳಿದ್ದನ್ನೇ ಮೂರು ಸಲ ಹೇಳುತ್ತಿದ್ದೆ ನೀನು, ಅಮ್ಮಾ.

ಇವತ್ತು ಮಧ್ಯಾಹ್ನ ಉಪಗ್ರಹವೊಂದು ಲೇಸರ್ ಬೆಳಕಿನಲ್ಲಿ ಚಿತ್ರ ಕಳಿಸುತ್ತಿದ್ದಾಗ, ಆ ಬೆಳಕನ್ನು ನೆಲದಿಂದ ಹಿಡಿಯುವ ನಮ್ಮ ದೂರದರ್ಶಕದ ಮೇಲೆ ಮೋಡ ಹಾದುಹೋಯಿತು. "ಈ ಮೋಡಕ್ಕೆ ನಮ್ಮ ಟೈಮ್‌ಟೇಬಲ್ ಯಾರು ಕೊಟ್ರೋ," ಎಂದು ಆಪರೇಟರ್ ಗೊಣಗಿದರು. ಆದರೂ ಚಿತ್ರ ಪೂರ್ತಿ ಬಂತು. ದಾರಿಯಲ್ಲಿ ಒಂದಷ್ಟು ಕಳೆದುಹೋಗುತ್ತದೆಂದು ಮೊದಲೇ ಎಣಿಸಿ, ಕಳೆದದ್ದನ್ನು ಉಳಿದದ್ದರಿಂದ ಕಟ್ಟಿಕೊಳ್ಳುವಷ್ಟು ಹೆಚ್ಚುವರಿ ಮಾಹಿತಿಯನ್ನು ಜೊತೆಗೇ ಕಳಿಸುವ ಏರ್ಪಾಡು ನನ್ನದು.

"ಇಷ್ಟೊಂದು ಹೆಚ್ಚಿಗೆ ಯಾಕೆ, ದಂಡ ಅಂತ ನಿಮ್ಮನ್ನ ಬೈಕೊಂಡಿದ್ದೆ ಮೇಡಂ. ಇನ್ನು ಬೈಯಲ್ಲ ಬಿಡಿ," ಎಂದರು ಅವರು.

"ಉಪಗ್ರಹ ದಾಟಿಹೋದ ಮೇಲೆ ಏನಂದೆ ಅಂತ ಕೇಳೋಕೆ ಅದು ಸಿಗಲ್ಲವಲ್ಲ," ಎಂದೆ.

"ನಾನೇನು ಕಿವುಡಿಯಾ? ಒಂದೇ ಸಲ ಹೇಳಮ್ಮ," ಎಂದು ನಿನ್ನನ್ನು ಗದರಿದವಳು ನಾನು. ಆಮೇಲಿಂದ ನೀನು ಎಲ್ಲವನ್ನೂ ಒಂದೇ ಸಲ ಹೇಳತೊಡಗಿದೆ. ಆಸ್ಪತ್ರೆಯಿಂದ ಕೊನೆಯ ಸಲ ಫೋನ್ ಮಾಡಿದಾಗ ನಡುವೆ ನಿನ್ನ ದನಿ ಕಡಿದುಹೋಯಿತು. ಮತ್ತೆ ಕೇಳಿಸಿದಾಗ "ಅಷ್ಟೇ ಕಣೇ" ಎನ್ನುತ್ತಿದ್ದೆ. ನನಗೆ ಕೆಲಸವಿತ್ತು. "ಹೂಂ, ಆಯ್ತಮ್ಮ," ಎಂದು ಇಟ್ಟುಬಿಟ್ಟೆ.

ಆ 'ಅಷ್ಟೇ ಕಣೇ'ಗೆ ಮೊದಲು ಹೇಳಿದ್ದು ಏನಮ್ಮಾ?